ಎಲ್ಲಿ ಹೋಯಿತು ಆ ‘ಗೆ’?

ಲೆಕ್ಕ ಮಾಡುವಾಗ ನನ್ನ ತುಟಿ ಈಗಲೂ ಉರ್ದುವಿನಲ್ಲಿ ಅಲುಗಾಡುತ್ತದೆ. ತರಕಾರಿಯವಳ ಜೊತೆ ಕನ್ನಡದಲ್ಲಿ ಜಗಳವಾಡುತ್ತೇನೆ, ಕನ್ನಡದಲ್ಲೇ ರೇಟು ಇಳಿಸುತ್ತೇನೆ. ಕೊನೆಗೆ ಗುಣಿಸುವ ಹೊತ್ತು ಬಂದಾಗ ಮಾತ್ರ ‘ಸಾತ್ ಅಟ್ಠೆ ಛಪ್ಪನ್’ ಎಂದು ಒಳಗಿನಿಂದ ಯಾರೋ ಪಿಸುಗುಟ್ಟುತ್ತಾರೆ. ಏಳೆಂಟ್ಲೆ ಐವತ್ತಾರು; ಔರಾದದ ಶಾಲೆಯಲ್ಲಿ ಉಸ್ತಾದರು ತಲೆ ತೂಗುತ್ತ ಹೇಳಿಸಿದ ಮಗ್ಗಿ ಅದು. ಆ ಉಸ್ತಾದರ ಮುಖ ಮರೆತಿದೆ, ತಲೆ ತೂಗಿದ್ದು ನೆನಪಿದೆ. ಅಥವಾ ತಲೆ ತೂಗಿದ್ದು ನಾನೇ ಇರಬಹುದು. ನನ್ನ ನೆನಪಿನ ಮೇಲೆ ನನಗೆ ಅಷ್ಟಾಗಿ ವಿಶ್ವಾಸವಿಲ್ಲ, ನೀವೂ ಇಡಬೇಡಿ.

ಮೊನ್ನೆ ಹೀಗೆ ಛಪ್ಪನ್ ಎನ್ನುತ್ತಿರುವಾಗಲೇ ಫೋನು ಬಂತು. ಭಾಲ್ಕಿಯ ಒಂದು ಹೈಸ್ಕೂಲಿನ ಹೆಡ್‌ಮೇಡಂ.

“ಮೇಡಂ, ನಮ್ಮ ಹತ್ತನೇ ವರ್ಗದ ಮಕ್ಕಳಿಗಿ ನೀವು ಬಂದು ನಾಕ್ ಮಾತು ಹೇಳ್ಬೇಕ್ರಿ. ಸಾಲ್ಯಾಗಿನ ಪಾಠ ಮುಂದ ನೌಕರಿಗಿ ಹ್ಯಾಂಗ ಉಪಯೋಗ ಆಯ್ತದಂತ. ನಮ್ಮ ಮಕ್ಕಳು ಏನ್ ಕಲಸ್ರೂ ‘ಇದರಿಂದ ಏನ್ ಆಗ್ತದ’ ಅಂತ ಕೇಳ್ತಾವ್ರಿ.”

“ನಾ ಏನ್ ಹೇಳ್ಲಿ ತಾಯಿ?”

“ಆ ಹುಷಾರ್ ಕಥಿ ಹೇಳ್ರಿ. ಔರಾದದಾಗ ಹೇಳ್ದಾಗ ಮಂದಿ ಹೊಟ್ಟಿ ಹಿಡ್ಕೊಂಡು ನಕ್ಕರಂತಲ್ಲ!”

ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಸಣ್ಣ ಅನುಮಾನ ಶುರುವಾಯಿತು. ಆ ಕಥೆಯನ್ನು ನಾನು ಎಷ್ಟೋ ಕಡೆ ಹೇಳಿದ್ದೇನೆ. ಬಚ್ಚಲು ಕಲ್ಲಿನ ಹಾಗೆ ಅದು ನುಣ್ಣಗಾಗಿದೆ, ಎಲ್ಲಿ ಕಾಲಿಟ್ಟರೂ ಜಾರುತ್ತದೆ. ಎಲ್ಲಿ ನಗು ಬರಬೇಕೋ ಅಲ್ಲಿ ತಪ್ಪದೆ ಬರುತ್ತದೆ. ಇಷ್ಟು ಚೆನ್ನಾಗಿ ನಡೆದ ಘಟನೆ ಜಗತ್ತಿನಲ್ಲಿ ಯಾರಿಗಾದರೂ ನಡೆದಿರುತ್ತದೆಯೇ? ನಾನು ದಿನಚರಿ ಬರೆಯುವವಳು. ಆದರೆ ಆ ಚಟ ಹತ್ತಿದ್ದು ಧಾರವಾಡಕ್ಕೆ ಬಿ.ಎ. ಓದಲು ಹೋದ ಮೇಲೆ. ಈ ಕಥೆ ಅದಕ್ಕೂ ಹಿಂದಿನದು. ಆದ್ದರಿಂದ ಇದಕ್ಕೆ ಸಾಕ್ಷಿ ನಾನೊಬ್ಬಳೇ, ಮತ್ತು ನಾನು ಎಂಥ ಸಾಕ್ಷಿ ಎಂದು ಈಗಾಗಲೇ ಹೇಳಿದೆ.

ಕಥೆ ಹೀಗಿದೆ.

ನಮ್ಮ ಮನೆ ಔರಾದದಲ್ಲಿ. ಮುಂದಿನ ಓದಿಗೆಂದು ನನ್ನನ್ನು ಬೀದರಿನ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ನಾವು ಮೈಸೂರು ರಾಜ್ಯದವರಾದ ಹೊಸತು. ಮನೆಯಿಂದ ಒಂದು ಹೆಜ್ಜೆ ಕದಲದೆಯೇ ರಾಜ್ಯ ಬದಲಾಯಿಸಿದವರು ನಾವು. ಹೈದರಾಬಾದಿನ ಕಡೆ ತಿರುಗಿದ್ದ ಮುಖವನ್ನು ಬೆಂಗಳೂರಿನ ಕಡೆ ತಿರುಗಿಸಬೇಕಾಗಿತ್ತು, ಕುತ್ತಿಗೆ ಮಾತ್ರ ಹಳೆಯದೇ. ಊರಿಗೆ ಹೊಸ ಅಧಿಕಾರಿಗಳು, ಹೊಸ ಗುಮಾಸ್ತರು ಬಂದಿಳಿದರು. ಮಾಮಾ ಮುಂದಿನ ಎರಡು ಕೋಣೆಗಳನ್ನು ಅಂಥ ಒಬ್ಬ ಗುಮಾಸ್ತನಿಗೆ ಬಾಡಿಗೆ ಕೊಟ್ಟಿದ್ದ. ಆತನ ಹೆಂಡತಿ ಬೆಳಿಗ್ಗೆ ಕಾಫಿ ಇಳಿಸಿದರೆ ಅದರ ವಾಸನೆ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಅತ್ತೆ ಮೂಗಿಗೆ ಸೆರಗು ಹಿಡಿದು, “ಏನೋ ಸುಡ್ಲತಾರ ನೋಡವ್ವ,” ಎನ್ನುತ್ತಿದ್ದಳು. ನಾವು ಎಲ್ಲರನ್ನೂ ಅನುಮಾನದಿಂದ ನೋಡುತ್ತಿದ್ದ ಕಾಲ ಅದು. ಕಾಫಿಯನ್ನೂ.

ಶಾಲೆಗೂ ಒಬ್ಬರು ಬಂದರು. ಗಣಿತಕ್ಕೆ. ನಾವು ‘ಮಾಸ್ತರ್’ ಎಂದರೆ ಅವರು ತಮ್ಮನ್ನು ತಾವೇ ‘ಮೇಷ್ಟ್ರು’ ಎಂದುಕೊಳ್ಳುತ್ತಿದ್ದರು. ಮೊದಲ ದಿನವೇ ಒಬ್ಬೊಬ್ಬರನ್ನೇ ಎಬ್ಬಿಸಿ, “ನಿನ್ನ ಅಭ್ಯಾಸಗಳೇನು?” ಎಂದು ಕೇಳಿದರು. ನಮ್ಮ ಕಡೆ ಅಭ್ಯಾಸ ಎಂದರೆ ಓದು. “ಬೀಜಗಣಿತ, ಇತಿಹಾಸ, ಉರ್ದು,” ಎಂದು ನಾವು ಹೇಳುತ್ತ ಹೋದೆವು. ಉಗುರು ಕಚ್ಚುವುದು, ತಡವಾಗಿ ಏಳುವುದು ಮುಂತಾದವನ್ನು ನಿರೀಕ್ಷಿಸಿದ್ದ ಅವರು, ಈ ಊರಿನ ಮಕ್ಕಳು ದೇವರಂಥವರು ಎಂದುಕೊಂಡಿರಬೇಕು.

ಅವರಿಗೊಂದು ರೂಢಿಯಿತ್ತು. ಪಾಠ ಮುಗಿದ ಮೇಲೆ ಹಲಗೆಯ ಮೂಲೆಯಲ್ಲಿ ‘ಇದರಿಂದ ಏನಾಗಬಹುದು?’ ಎಂದು ಬರೆದು ನಮ್ಮ ಕಡೆ ತಿರುಗುವುದು. ತ್ರಿಕೋನದಿಂದ ಏನಾಗಬಹುದು? ಓವರ್‌ಸಿಯರ್ ಆಗಬಹುದು. ಬಡ್ಡಿ ಲೆಕ್ಕದಿಂದ? ಬ್ಯಾಂಕಿನಲ್ಲಿ ಕೂರಬಹುದು. ಬೇರೆಯವರ ಪಾಠಗಳನ್ನೂ ಬಿಡುತ್ತಿರಲಿಲ್ಲ. ಭೂಗೋಳದಿಂದ, ವ್ಯಾಕರಣದಿಂದ, ಹೊಲಿಗೆಯಿಂದ. ಹೊಸ ರಾಜ್ಯದಲ್ಲಿ ಹೊಸ ಹುದ್ದೆಗಳು ತುಂಬ ಇವೆ, ಬೀದರಿನ ಮಕ್ಕಳು ಕೈ ಚಾಚಬೇಕು, ಇಲ್ಲವಾದರೆ ಬೇರೆಯವರು ಬಂದು ಕೂರುತ್ತಾರೆ ಎನ್ನುತ್ತಿದ್ದರು. ಒಳ್ಳೆಯ ಮಾತು. ನಾವು ನಂಬಲಿಲ್ಲ.

ನನ್ನ ಪಕ್ಕ ಕೂರುತ್ತಿದ್ದ ಮೆಹರುನ್ನೀಸಾ ಕಿವಿಯಲ್ಲಿ, “ನಕ್ಕೋ ಬೋಲ್ ಗೆ. ಲಿಖ್ ಕೋ ರಖ್ ಲೇತಾ ಉನೆ,” ಎಂದಳು. ಹೇಳಬೇಡ, ಬರೆದಿಟ್ಟುಕೊಳ್ಳುತ್ತಾನೆ ಎಂದು. ಯಾರು ಏನಾಗಬೇಕು ಎಂದುಕೊಂಡಿದ್ದಾರೆ ಎಂದು ತಿಳಿದರೆ, ಅದನ್ನೇ ತಪ್ಪಿಸುವುದು ಸರ್ಕಾರಕ್ಕೆ ಸುಲಭವಲ್ಲವೇ? ಈ ತರ್ಕದಲ್ಲಿ ನಮಗೆ ಯಾವ ಕೊರತೆಯೂ ಕಾಣಲಿಲ್ಲ. ಹೀಗಾಗಿ ಮೇಷ್ಟ್ರು ಕೇಳಿದಾಗಲೆಲ್ಲ ಇಡೀ ವರ್ಗ ಸುಳ್ಳು ಹೇಳುತ್ತಿತ್ತು. ಡಾಕ್ಟರಾಗಬೇಕೆಂದಿದ್ದ ಮೆಹರುನ್ನೀಸಾ ತನಗೆ ಅತ್ತರಿನ ಅಂಗಡಿ ಹಾಕುವ ಆಸೆ ಎಂದಳು.

ನಾನೊಮ್ಮೆ ಧೈರ್ಯ ಮಾಡಿ, “ಉರ್ದುದಿಂದ ಏನ್ ಆಗ್ತದ್ರಿ?” ಎಂದು ಕೇಳಿದೆ. ಅವರು ಪ್ರಾಮಾಣಿಕವಾಗಿ, “ಇನ್ನು ಮುಂದೆ ಏನೂ ಆಗಲ್ಲ ಕಣಮ್ಮ. ಗಣಿತ ಗಟ್ಟಿ ಮಾಡ್ಕೊ,” ಎಂದರು. ಹಲಗೆಯ ಮೇಲೆ ಉರ್ದುವಿನ ಎದುರಿಗೆ ಒಂದು ಗೆರೆ ಎಳೆದರು.

ಇನ್ನು ಮುಖ್ಯ ಘಟನೆ. ಒಂದು ಮಧ್ಯಾಹ್ನ ವರ್ಗದಲ್ಲೇ ನನಗೆ ಚಳಿ ಹತ್ತಿ, ಹಲ್ಲು ಕಟಕಟ ಎಂದು, ಬೆಂಚಿನ ಮೇಲೆ ತಲೆಯಿಟ್ಟೆ. ಮೇಷ್ಟ್ರು ಹಣೆ ಮುಟ್ಟಿ ನೋಡಿ, ಗಂಜ್‌ನ ದವಸದ ಪೇಟೆಯಲ್ಲಿ ಅಡತಿ ದಲಾಲಿ ಮಾಡುತ್ತಿದ್ದ ಮಾಮಾನಿಗೆ ಹೇಳಿ ಕಳಿಸಿದರು. ಮಾಮಾ ಬಂದ. ಮೇಷ್ಟ್ರು ಬಾಗಿಲಲ್ಲಿ ನಿಂತು, “ಹುಡುಗಿಗೆ ಹುಷಾರಿಲ್ಲ. ಮನೆಗೆ ಕರ್ಕೊಂಡು ಹೋಗಿ,” ಎಂದರು.

ನೀವು ಮೈಸೂರು ಕಡೆಯವರಾದರೆ ಇದರಲ್ಲಿ ನಗುವಂಥದ್ದೇನೂ ಇಲ್ಲ. ಮೈ ನೆಟ್ಟಗಿಲ್ಲ ಎಂದರ್ಥ. ಆದರೆ ನಮ್ಮ ಬೀದರಿನಲ್ಲಿ ಹುಷಾರ್ ಎಂದರೆ ಶಾಣ್ಯಾ, ಚುರುಕು ಬುದ್ಧಿಯವನು. ಹುಷಾರಿಲ್ಲ ಎಂದರೆ ದಡ್ಡ. ‘ಹುಡುಗಿಗೆ’ ಎಂಬುದರಲ್ಲಿ ಒಂದು ‘ಗೆ’ ಇದೆ, ಅದನ್ನು ಹಿಡಿದುಕೊಂಡಿದ್ದರೂ ಅರ್ಥ ಉಳಿಯುತ್ತಿತ್ತು. ಆದರೆ ನಮ್ಮ ಬಾಯಲ್ಲಿ ಆ ಗೆ ‘ಗಿ’ ಆಗುತ್ತದೆ. ಹುಡುಗಿಗಿ. ಎರಡು ‘ಗಿ’ಗಳು ಒತ್ತೊತ್ತಾಗಿ ನಿಂತಾಗ ಒಂದು ಕೆಳಗೆ ಬೀಳುವುದು ಸಹಜ. ಮಾಮಾ ಮರುದಿನ ಔರಾದದ ಬಸ್ಸಿನಿಂದ ನನ್ನನ್ನು ಇಳಿಸಿ, ನನ್ನ ಅವ್ವನಿಗೆ ಹೇಳಿದ:

“ಮೈಸೂರ್ ಮಾಸ್ತರ್ ಹೇಳ್ಯಾರಕ್ಕ, ಹುಡುಗಿ ಹುಷಾರ್ ಇಲ್ಲ, ಮನಿಗಿ ಕರ್ಕೊಂಡು ಹೋಗ್ರಂತ. ಅಷ್ಟು ಓದಿದವರು ಹೇಳಿದ ಮ್ಯಾಲ ನಾವೇನ್ ಮಾಡೋದದ?”

ಅವ್ವ ನನ್ನನ್ನು ನೋಡಿದಳು. ನನಗೆ ಜ್ವರ. ಜ್ವರದಲ್ಲಿ ಯಾರೂ ಬುದ್ಧಿವಂತರಂತೆ ಕಾಣುವುದಿಲ್ಲ.

ಜ್ವರ ಬಿಟ್ಟಿತು, ಶಾಲೆಯೂ ಬಿಟ್ಟಿತು. ನನಗೆ ಕುಟ್ಟುವುದು, ಬೀಸುವುದು ಕಲಿಸತೊಡಗಿದರು. ಎಂಟೇ ದಿನದಲ್ಲಿ ನನ್ನನ್ನು ನೋಡಲು ಒಂದು ಮನೆಯವರು ಬಂದರು. ಮಾಮಾನ ಅಡತಿ ಪಾಲುದಾರರ ಮಗ ವರ. ಅವರಿಗೆ ಅವ್ವ ಚೂಡಾ, ಉಂಡಿ ಇಟ್ಟಳು. ವರ ಒಳ್ಳೆಯವನೇ ಇದ್ದಿರಬೇಕು. ನಾನು ಅವನ ಚಪ್ಪಲಿ ಮಾತ್ರ ನೋಡಿದೆ. ಮುಂದಿನ ತಿಂಗಳು ಮಾತು ಮುಗಿಸುವುದೆಂದಾಯಿತು. ನನ್ನ ತಲೆಯಲ್ಲಿ ಸುತ್ತುತ್ತಿದ್ದುದು ಒಂದೇ. ನಾನು ದಡ್ಡಳೇ? ಮೇಷ್ಟ್ರು ನನ್ನ ಲೆಕ್ಕಗಳಿಗೆಲ್ಲ ಸರಿ ಗುರುತು ಹಾಕಿದ್ದರಲ್ಲ, ಅದು ಸುಳ್ಳೇ? ಅತ್ತರಿನ ಅಂಗಡಿಯ ಸುಳ್ಳು ನಾವು ಅವರಿಗೆ ಹೇಳಿದಂತೆ ಅವರೂ ನಮಗೆ ಹೇಳುತ್ತಿದ್ದರೇ? ಬೀಸುವ ಕಲ್ಲಿನ ಮುಂದೆ ಕುಳಿತು ಛಪ್ಪನ್‌ವರೆಗೆ ಹೇಳಿ ನೋಡಿಕೊಳ್ಳುತ್ತಿದ್ದೆ. ಬರುತ್ತಿತ್ತು. ಆದರೂ ನಂಬಿಕೆ ಬರುತ್ತಿರಲಿಲ್ಲ.

ಒಂದು ಭಾನುವಾರ ಮೇಷ್ಟ್ರು ನಮ್ಮ ಅಂಗಳದಲ್ಲಿ ನಿಂತಿದ್ದರು. ಕೋಟು, ಕೊಡೆ. ಹೊಲ ಅಳೆಯಲು ಯಾರೋ ಬಂದರೆಂದು ಅಪ್ಪ ಹಿಂದಿನ ಬಾಗಿಲಿನಿಂದ ಮಾಯವಾದ. ಅವ್ವ ಸೆರಗು ಎಳೆದುಕೊಂಡು ಹೊಸ್ತಿಲಲ್ಲಿ ನಿಂತಳು.

“ಸುಶೀಲಾ ಮನೆ ಇದೇನಾ ತಾಯಿ? ಈಗ ಹುಷಾರಾಗಿದ್ದಾಳಾ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ.”

“ಈಗ ಯಾಕ್ರಿ? ನಮ್ಮ ಸುಸ್ಲಾ ಹುಟ್ಟಿದಾಗಿಂದ ಹುಷಾರೇ ಅದಾಳ. ನೀವೇ ಇಲ್ಲಂತ ಕಳಿಸೀರಂತಲ್ಲ!”

“ನಾನ್ಯಾಕಮ್ಮ ಸುಳ್ಳು ಹೇಳ್ಲಿ? ಅವತ್ತು ಮೈ ಕೆಂಡದ ಹಾಗೆ ಸುಡ್ತಿತ್ತು.”

“ಮೈ ಸುಟ್ರ ದಡ್ಡ ಆಗ್ತಾರೇನ್ರಿ ನಿಮ್ಮ ಕಡಿ?”

ಇಲ್ಲಿ ಸಭೆ ನಗುತ್ತದೆ. ಭಾಲ್ಕಿಯಲ್ಲೂ ನಗುತ್ತಿತ್ತು, ಕಥೆ ಇಲ್ಲಿಯವರೆಗೆ ಬಂದಿದ್ದರೆ. ಸ್ವಲ್ಪ ಹೊತ್ತು ಆ ಕಡೆಯ ಕನ್ನಡ ಈ ಕಡೆಯ ಕನ್ನಡ ಗುದ್ದಾಡಿದ ಮೇಲೆ ಮೇಷ್ಟ್ರು ಹಣೆ ಚಚ್ಚಿಕೊಂಡರು. “ತಪ್ಪು ನನ್ನದೇ ತಾಯಿ. ನಮ್ಮ ಕಡೆ ಮಾತು ಹಾಗೆ. ನಿಮ್ಮ ತಮ್ಮನವರದೇನೂ ತಪ್ಪಿಲ್ಲ,” ಎಂದರು. ಅವ್ವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು, ಆಮೇಲೆ ಅಳು. ನೋಡಲು ಬಂದವರಿಗೆ ಹುಡುಗಿ ಇನ್ನೂ ಓದುತ್ತಾಳೆ ಎಂದು ಹೇಳಿ ಕಳಿಸಲಾಯಿತು. ಮುಂದಿನ ಸೋಮವಾರ ನಾನು ಬೀದರಿನ ಬೆಂಚಿನ ಮೇಲಿದ್ದೆ.

ಸಭೆಗಳಲ್ಲಿ ಇದಕ್ಕೊಂದು ಬಾಲ ಹಚ್ಚುತ್ತೇನೆ. ಓದು ಮುಗಿಸಿ ಬಂದಾಗ ಜಿಲ್ಲೆಯ ಕಚೇರಿಯಲ್ಲಿ ಹಳೆಯ ಉರ್ದು ಕಾಗದಗಳನ್ನು ಓದಿ ಕನ್ನಡದಲ್ಲಿ ಬರೆಯುವವರು ಬೇಕಾಗಿದ್ದರು. ನನಗೆ ಆ ನೌಕರಿ ಸಿಕ್ಕಿತು. ಅದರಲ್ಲೇ ನಿವೃತ್ತಳಾದೆ. ಮೇಷ್ಟ್ರು ಯಾವ ಪಾಠದ ಮುಂದೆ ಗೆರೆ ಎಳೆದಿದ್ದರೋ ಅದೇ ಅನ್ನ ಹಾಕಿತು. ಹುಷಾರ್ ಎಂಬ ಒಂದು ಶಬ್ದ ನನ್ನನ್ನು ಬೀಳಿಸಿ ಎಬ್ಬಿಸಿದ್ದಕ್ಕೇ ಜೀವನವಿಡೀ ಶಬ್ದಗಳನ್ನು ಈ ದಂಡೆಯಿಂದ ಆ ದಂಡೆಗೆ ದಾಟಿಸುವ ಕೆಲಸ ಹಿಡಿದೆ. ಚಪ್ಪಾಳೆ.

ನಿಜ ಹೇಳಲೇ? ನಾನು ಆ ನೌಕರಿಗೆ ಅರ್ಜಿ ಹಾಕಿದ್ದು ಕಚೇರಿ ಬೀದರಿನಲ್ಲಿ ನಾನಿದ್ದ ಮನೆಗೆ ಹತ್ತಿರವಿತ್ತೆಂದು. ಶಬ್ದ, ದಂಡೆ ಎಲ್ಲ ನಿವೃತ್ತಿಯ ಬೀಳ್ಕೊಡುಗೆಯ ದಿನ ಹೊಳೆದದ್ದು. ಹಿಂದಕ್ಕೆ ತಿರುಗಿ ನೋಡಿದರೆ ದಾರಿ ಯಾವಾಗಲೂ ನೆಟ್ಟಗೇ ಕಾಣುತ್ತದೆ. ಈ ಕಾರಣಕ್ಕೇ ನನಗೆ ಇಂಥ ಭಾಷಣಗಳ ಮೇಲೆ ಅನುಮಾನ.

ಭಾಲ್ಕಿಗೆ ಹೋದ ದಿನ ಬಸ್ಸು ಬೇಗ ತಲುಪಿತು. ಕಾರ್ಯಕ್ರಮಕ್ಕೆ ಇನ್ನೂ ಹೊತ್ತಿತ್ತು. ಅತ್ತೆ ಈಗ ಅಲ್ಲೇ ಮಗಳು ಚಂಪಾಳ ಮನೆಯಲ್ಲಿರುತ್ತಾಳೆ. ಮಾಮಾ ಹೋಗಿ ಬಹಳ ವರ್ಷವಾಯಿತು. ಅತ್ತೆಗೆ ಎಂಬತ್ತು ದಾಟಿದೆ. ಕಿವಿ ಮಂದ, ನಾಲಿಗೆ ಮೊದಲಿನಷ್ಟೇ ಹರಿತ. ಹೊರಗೆ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದಳು.

“ಎಲ್ಲಿಗಿ ಹೊಂಟೀದಿ, ಇಸ್ತ್ರಿ ಸೀರಿ ಉಟ್ಕೊಂಡು?”

“ಸಾಲ್ಯಾಗ ಭಾಷಣ ಅದ ಅತ್ತಿ. ಮೈಸೂರ್ ಮಾಸ್ತರ್ ಹುಷಾರಿಲ್ಲ ಅಂದಿದ್ದು, ಮಾಮಾಗ ತಿಳೀಲಾರದೆ ನನ್ನ ಔರಾದಕ್ಕ ಒಯ್ದಿದ್ದು. ಅದೇ ಕಥಿ.”

ಅತ್ತೆಯ ಕೈ ಮೊರದಲ್ಲಿ ನಿಂತಿತು. “ಯಾರಿಗಿ ತಿಳೀಲಿಲ್ಲ?”

“ಮಾಮಾಗ.”

“ನಿಮ್ಮ ಮಾಮಾಗ?” ಅತ್ತೆ ಒಂದು ಕಲ್ಲು ಆರಿಸಿ ಎಸೆದಳು. “ಮುಂದಿನ ಖೋಲ್ಯಾಗ ಆ ಗುಮಾಸ್ತನ ಹೆಣ್ತಿ ಇದ್ದಳಲ್ಲ, ನೆಪ್ಪದೇನು?”

“ಕಾಫಿಯವಳು.”

“ಹ್ಞಾಂ, ಆಕಿನೇ. ದಿನಾ ಹೊತ್ತು ಏಳೂದ್ರಾಗ ಹುಷಾರಿಲ್ಲ, ಹುಷಾರಿಲ್ಲ ಅಂತಿದ್ದಳು. ಗಂಡ ಟೂರಿಗಿ ಹೋದ್ರ ದವಾಖಾನಿಂದ ಔಷಧಿ ಬಾಟಲಿ ತಂದು ಕೊಡಾಂವ ಯಾರು? ನಿಮ್ಮ ಮಾಮಾನೇ. ಆಗೆಲ್ಲ ಆಕಿ ದಡ್ಡಿ ಅದಾಳಂತ ಔಷಧಿ ತಂದನೇನು?”

ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಇಷ್ಟು ವರ್ಷ ಆ ಮನೆಯ ಕಾಫಿಯ ವಾಸನೆಯನ್ನು ಜೋಪಾನ ಮಾಡಿಕೊಂಡು ಬಂದಿದ್ದೆ. ಔಷಧಿಯ ಬಾಟಲಿ ಹಿಡಿದುಕೊಂಡು ಅಂಗಳ ದಾಟುತ್ತಿದ್ದ ಮಾಮಾನೂ ಕಣ್ಣಿಗೆ ಬಿದ್ದಿರಲೇಬೇಕು. ಅದನ್ನು ಮಾತ್ರ ನೆನಪು ಹೊರಗಿಟ್ಟಿತ್ತು. ಇಟ್ಟುಕೊಂಡಿದ್ದರೆ ಕಥೆ ನಡೆಯುತ್ತಿರಲಿಲ್ಲ.

“ಹಂಗಾದ್ರ ಯಾಕ ಹಂಗ ಮಾಡಿದ ಅತ್ತಿ?”

“ಪಾಲುದಾರ ಬ್ಯಾರೆ ಆಗ್ತೇನಿ ಅಂತ ಕುಣೀಲತಿದ್ದ. ಬೀಗಸ್ತನ ಮಾಡಿದ್ರ ಕಟ್ಟಿ ಹಾಕ್ದಂಗ ಆಗ್ತದಂತ ನಿಮ್ಮ ಮಾಮಾ ಲೆಕ್ಕ ಹಾಕಿದ. ಓದೋ ಹುಡುಗಿ ಸಾಲಿ ಬಿಡಸ್ರಿ ಅಂದ್ರ ನಿಮ್ಮವ್ವ ಕೇಳ್ತಿದ್ದಳೇನು? ಮಾಸ್ತರ್ ಬಾಯ್ಲೆ ಬಂತು, ಹಿಡ್ಕೊಂಡ.”

ಎಂದರೆ ಆ ‘ಗೆ’ ತಾನಾಗಿ ಬಿದ್ದದ್ದಲ್ಲ. ಮಾಮಾ ಅದನ್ನು ನುಂಗಿದ್ದ. ಪಾಲುದಾರರು ಎಂಟೇ ದಿನದಲ್ಲಿ ಹೇಗೆ ಬಂದರೆಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಚೂಡಾ, ಉಂಡಿ ನೆನಪಿಟ್ಟುಕೊಂಡಿದ್ದೆ.

“ಪುಣ್ಯಕ್ಕ ಮೇಷ್ಟ್ರು ಬಂದ್ರು ನೋಡು,” ಎಂದೆ.

“ಪುಣ್ಯಕ್ಕೇನ್ ಬಂದ? ನಾ ಕಳಿಸಿದ್ದೆ. ಅವನ ಮನಿ ಬಾಗಿಲಿಗಿ ಹೋಗಿ ನಿಂತು ಹೇಳ್ದೆ, ನೀವು ಜ್ವರ ಅಂದೀರಿ, ನಮ್ಮವರು ದಡ್ಡಿ ಅಂದಾರ, ಹೋಗಿ ಸುದ್ದ ಮಾಡಿ ಬರ್ರಿ ಅಂತ. ಆದ್ರ ನನ್ನ ಗಂಡನ ಮಾನ ಕಳೀಬ್ಯಾಡ್ರಿ ಅಂತನೂ ಹೇಳ್ದೆ.”

ಅಂಗಳದಲ್ಲಿ ಕೊಡೆ ಹಿಡಿದು ನಿಂತ ಮೇಷ್ಟ್ರು ಮತ್ತೆ ಕಣ್ಣೆದುರು ಬಂದರು. ಈಗ ಹುಷಾರಾಗಿದ್ದಾಳಾ ಎಂಬ ಆ ಮುಗ್ಧ ಪ್ರಶ್ನೆ. ಹಣೆ ಚಚ್ಚಿಕೊಂಡದ್ದು. ಎಲ್ಲ ಗೊತ್ತಿದ್ದೂ ಅಷ್ಟು ಚೆನ್ನಾಗಿ ಗೊತ್ತಿಲ್ಲದವರಾದರಲ್ಲ! ಮಾಮಾನಿಗೆ ಅರ್ಥವಾಗಿತ್ತು, ಮೇಷ್ಟ್ರಿಗೆ ಅರ್ಥವಾಗಿತ್ತು. ಇಬ್ಬರೂ ಸೇರಿ ತಪ್ಪನ್ನು ಎರಡು ಕಡೆಯ ಕನ್ನಡದ ತಲೆಗೆ ಕಟ್ಟಿದರು. ಪಾಪ, ಹೊಸದಾಗಿ ಕೂಡಿದ ರಾಜ್ಯ; ಯಾರು ಏನು ಹೊರಿಸಿದರೂ ಹೊತ್ತುಕೊಳ್ಳುತ್ತಿತ್ತು.

ಶಾಲೆಯ ಮೆಟ್ಟಿಲು ಹತ್ತದ ಅತ್ತೆ, ಗಂಡನಿಗೆ ಎದುರಾಗಿ ನನ್ನ ಓದಿಗಾಗಿ ಹೋದಳೇ? ಅವಳ ಕೈ ಹಿಡಿದೆ. “ಅತ್ತಿ, ನಾ ಓದಬೇಕಂತ ನಿನಗಷ್ಟು ಇತ್ತೇನು?”

ಅತ್ತೆ ಕೈ ಬಿಡಿಸಿಕೊಂಡಳು, ಮೊರ ಮತ್ತೆ ಅಲ್ಲಾಡಿತು. “ಓದೂದು ಎಲ್ಲಿ ಹಚ್ಚೀದಿ? ಈ ಚಂಪಾ ಹೊಟ್ಟ್ಯಾಗಿದ್ದಳು. ಬಾವಿ ಪಾವಟಗಿ ಇಳದು ನೀರ ತರಾವರು ಯಾರು? ನೀ ಛಲೋ ತರ್ತಿದ್ದಿ. ಎರಡು ಕೊಡ ಹೊತ್ರೂ ಚೆಲ್ತಿರಲಿಲ್ಲ.”

ಒಳಗಿನಿಂದ ಚಂಪಾ ನಕ್ಕಳು. “ಆಕಿ ಮಾತು ನಂಬಬ್ಯಾಡ ಅಕ್ಕ. ಮೊನ್ನಿ ಬ್ಯಾರೇನೇ ಹೇಳಿದ್ದಳು.”

ಏನು ಹೇಳಿದ್ದಳೆಂದು ನಾನು ಕೇಳಲಿಲ್ಲ. ಶಾಲೆಗೆ ಹೊತ್ತಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಕೇಳಲು ಹೆದರಿದೆ.

ಶಾಲೆಯಲ್ಲಿ ಮಕ್ಕಳು ಸಾಲಾಗಿ ಕುಳಿತಿದ್ದರು. ಹೆಡ್‌ಮೇಡಂ ನನ್ನನ್ನು ಪರಿಚಯಿಸಿ, ಈಗ ನೀವೆಲ್ಲ ನಗುತ್ತೀರಿ ಎಂದು ಮೊದಲೇ ಎಚ್ಚರಿಸಿದರು. ನಾನು ಎದ್ದು ನಿಂತೆ. ಯಾವ ಪಾಠದಿಂದ ನನ್ನ ನೌಕರಿ ಬಂತು? ಉರ್ದುವಿನಿಂದ ಎನ್ನಲೇ? ಗಣಿತದ ಮೇಷ್ಟ್ರ ನಾಟಕದಿಂದ ಎನ್ನಲೇ? ಬಾವಿಯ ಮೆಟ್ಟಿಲುಗಳ ಮೇಲೆ ಚೆಲ್ಲದೆ ನೀರು ತಂದದ್ದರಿಂದ ಎಂದು ಹಲಗೆಯ ಮೂಲೆಯಲ್ಲಿ ಬರೆಯಲು ಬರುತ್ತದೆಯೇ? ಮಕ್ಕಳು ಕಾಯುತ್ತಿದ್ದರು. ಕಥೆಯನ್ನು ಶುರು ಮಾಡಿದೆ, ಮೊದಲಿನ ಹಾಗೆಯೇ, ಔರಾದ, ಮಾಮಾ, ಕಾಫಿ. ಮೊದಲ ನಗು ಬರುವ ಜಾಗಕ್ಕೆ ಇನ್ನೂ ತಲುಪಿರಲಿಲ್ಲ. ಎರಡನೇ ಸಾಲಿನಲ್ಲಿ ಒಬ್ಬ ಹುಡುಗಿ ಬೆಂಚಿನ ಮೇಲೆ ತಲೆ ಇಟ್ಟಳು.

ಪಕ್ಕದ ಟೀಚರ್ ಹೋಗಿ ಮುಟ್ಟಿ ನೋಡಿ ಬಂದು, “ಹುಡುಗಿಗಿ ಹುಷಾರಿಲ್ರಿ ಮೇಡಂ,” ಎಂದರು. ಈಗ ನಮ್ಮ ಕಡೆಯೂ ಹಾಗೇ ಎನ್ನುತ್ತಾರೆ. ಎರಡೂ ಅರ್ಥಗಳು ಒಂದೇ ಮನೆಯಲ್ಲಿ ಬಾಡಿಗೆಗಿವೆ. ಆಕೆಯ ಅಪ್ಪನಿಗೆ ಫೋನು ಹೋಯಿತು. ಹತ್ತಿರದಲ್ಲೇ ಇದ್ದನೇನೋ, ಮೊಪೆಡ್ ಮೇಲೆ ಬಂದು ಬಾಗಿಲಲ್ಲಿ ನಿಂತ. ಹೆಡ್‌ಮೇಡಂ ಬಾಯಿ ತೆರೆಯುವ ಮೊದಲೇ ನಾನು ಭಾಷಣ ಬಿಟ್ಟು ಅವನ ಬಳಿ ಹೋಗಿದ್ದೆ.

“ಅಣ್ಣಾ, ನಿಮ್ಮ ಮಗಳಿಗಿ ಜ್ವರ ಬಂದದ. ಬರೇ ಜ್ವರ. ಕಡಿಮಿ ಆದ ಮ್ಯಾಲ ತಿರುಗಿ ಸಾಲಿಗಿ ಕಳಿಸ್ರಿ.”

ಅವನು ನನ್ನನ್ನು ನೋಡಿದ. ಹೆಡ್‌ಮೇಡಂ ಕಡೆ ನೋಡಿದ. ಮತ್ತೆ ನನ್ನ ಇಸ್ತ್ರಿ ಸೀರೆಯ ಕಡೆ ನೋಡಿದ. ಆ ನೋಟದ ಗುರುತು ನನಗೆ ಚೆನ್ನಾಗಿತ್ತು. ನಾವು ಮೇಷ್ಟ್ರ ಹಲಗೆಯನ್ನು ಹಾಗೇ ನೋಡುತ್ತಿದ್ದೆವು.

“ಹುಷಾರಿಲ್ಲ ಅಂತ ಫೋನ್ ಮಾಡ್ಯಾರ್ರಿ. ಅಷ್ಟಕ್ಕ ನಮಗ ತಿಳೀದಿಲ್ಲೇನ್ರಿ?” ಎಂದ.

“ತಿಳೀತದ್ರಿ,” ಎಂದೆ. “ಎಲ್ಲಾರಿಗೂ ತಿಳೀತದ. ಅದಕ್ಕೇ ಹೇಳ್ದೆ.”